ಬೀಗ ಹಾಕುವುದೂ ಒಂದು ವ್ಯವಹಾರವೇ

ಮಾರ್ಚ್ 31 ಎಂದರೆ ಏನೆಂದು ನಮ್ಮ ವರ್ತಕ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಅಂದು ದಾಸ್ತಾನು ಎಣಿಸುತ್ತೇವೆ, ಬರಬೇಕಾದ ಬಾಕಿಯನ್ನು ಪಟ್ಟಿ ಮಾಡುತ್ತೇವೆ, ಬ್ಯಾಂಕಿನ ಲೆಕ್ಕದೊಡನೆ ನಮ್ಮ ಲೆಕ್ಕವನ್ನು ತಾಳೆ ನೋಡುತ್ತೇವೆ. ಪುಸ್ತಕವನ್ನು ಮುಚ್ಚುವ ಶಿಸ್ತು ನಮ್ಮಲ್ಲಿ ತಕ್ಕಮಟ್ಟಿಗೆ ಬೇರೂರಿದೆ. ಆದರೆ ಆ ಪುಸ್ತಕದಲ್ಲಿ ಆಸ್ತಿಯೆಂದು ನಮೂದಾಗಿರುವ ಕಟ್ಟಡ, ಯಂತ್ರ, ಗೋದಾಮು, ವಾಹನಗಳನ್ನು ಒಂದೆರಡು ತಿಂಗಳು ಮುಚ್ಚಿಡಬೇಕಾಗಿ ಬಂದಾಗ ಈ ಶಿಸ್ತು ಕಾಣಬರುವುದಿಲ್ಲ. ಷಟರ್ ಎಳೆದು, ಬೀಗ ಜಡಿದು, ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟರೆ ಮುಗಿಯಿತೆಂದು ಭಾವಿಸುತ್ತೇವೆ.

ಸಾರಕ್ಕಿ ಗೇಟಿನ ಸಮೀಪದಲ್ಲಿ ನನ್ನ ಕಚೇರಿ ಇದೆ. ಪಕ್ಕದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಹಲವು ಸಣ್ಣ ಘಟಕಗಳ ಲೆಕ್ಕಪತ್ರಗಳನ್ನು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಬೇಡಿಕೆ ಕುಗ್ಗಿದಾಗ, ಮಗಳ ಮದುವೆ ಬಂದಾಗ, ಮಾಲೀಕರ ಆರೋಗ್ಯ ಕೆಟ್ಟಾಗ ಘಟಕವು ಒಂದು ತಿಂಗಳು, ಎರಡು ತಿಂಗಳು ನಿಲ್ಲುವುದುಂಟು. ಹಾಗೆ ನಿಂತ ಘಟಕ ಮತ್ತೆ ತೆರೆದ ವರ್ಷದ ಲೆಕ್ಕದಲ್ಲಿ ದುರಸ್ತಿ ವೆಚ್ಚವು ಏಕೆ ಏರುತ್ತದೆಂದು ಕೇಳಿದರೆ ಮಾಲೀಕರು "ಯಂತ್ರ ಓಡಿಸದೆ ಹಾಳಾಯಿತು ಸಾರ್" ಎನ್ನುತ್ತಾರೆ. ಯಂತ್ರವು ಓಡದಿದ್ದುದರಿಂದ ಹಾಳಾಗುವುದು ಕಡಿಮೆ. ಸರಿಯಾಗಿ ಮುಚ್ಚದಿದ್ದುದರಿಂದ ಹಾಳಾಗುವುದೇ ಹೆಚ್ಚು. ಈ ತಿಳಿವಳಿಕೆ ನನಗೆ ಕಚೇರಿಯಲ್ಲಿ ಬರಲಿಲ್ಲ. ಉಡುಪಿ ಜಿಲ್ಲೆಯ ಸ್ವರ್ಣಾ ನದಿಯ ದಂಡೆಯಲ್ಲಿ, ಕೈಯಿಂದ ಹಣ ತೆತ್ತ ಮೇಲೆ ಬಂತು.

ನಮ್ಮ ಹಿಮಗಾಲ ಮಳೆಗಾಲವೇ

ನನ್ನ ಮಾವನವರ ಹಳೆಯ ಹೆಂಚಿನ ಮನೆ ಕಲ್ಯಾಣಪುರದ ಕಡೆ, ಸ್ವರ್ಣಾ ನದಿಯ ಅಂಚಿನಲ್ಲಿದೆ. ಅವರ ಕಾಲಾನಂತರ ಅದು ನಮಗೆ ರಜೆಯ ಮನೆಯಾಗಿ ಉಳಿದಿದೆ. ಜೊತೆಗೆ ಒಂದು ಸಣ್ಣ ಮರದ ದೋಣಿ, ಅದಕ್ಕೊಂದು ಐದು ಅಶ್ವಶಕ್ತಿಯ ಮೋಟಾರು. ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಬಜೆಯ ಅಣೆಕಟ್ಟಿನಲ್ಲಿ ಉಡುಪಿ ನಗರಕ್ಕೆ ಕುಡಿಯುವ ನೀರನ್ನು ಕೊಟ್ಟು, ಕೋಡಿ ಬೆಂಗ್ರೆಯಲ್ಲಿ ಸಮುದ್ರ ಸೇರುವ ಈ ನದಿ ಜನವರಿಯಲ್ಲಿ ಮಕ್ಕಳು ಆಡುವಷ್ಟು ಸೌಮ್ಯ. ಜುಲೈಯಲ್ಲಿ ಹತ್ತಿರ ಹೋಗಲು ಹೆದರಿಕೆಯಾಗುವಷ್ಟು ಉಗ್ರ.

ಯುರೋಪು, ಅಮೆರಿಕಗಳ ಶೀತ ಪ್ರದೇಶಗಳಲ್ಲಿ ನದಿತೀರದ ಬೇಸಿಗೆ ಮನೆಗಳನ್ನು ಹಿಮ ಬೀಳುವ ಮುನ್ನ ಕ್ರಮವಾಗಿ ಮುಚ್ಚುತ್ತಾರೆ. ನಲ್ಲಿ ಕೊಳವೆಗಳ ನೀರನ್ನು ಬಸಿಯುತ್ತಾರೆ. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ದೋಣಿಯನ್ನು ದಡಕ್ಕೆಳೆದು ಹೊದಿಸುತ್ತಾರೆ. ನಮ್ಮ ಕರಾವಳಿಗೆ ಹಿಮವಿಲ್ಲ. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವ ಉಡುಪಿಗೆ ಮಳೆಗಾಲವೇ ಹಿಮಗಾಲ. ಬೆಂಗಳೂರಿನ ನಮಗೆ ಇಡೀ ವರ್ಷಕ್ಕೆ ಬೀಳುವುದು ಇದರ ಕಾಲುಭಾಗದಷ್ಟು ಎಂಬುದನ್ನು ನೆನೆದರೆ ಅಲ್ಲಿಯ ಸಿದ್ಧತೆಯ ಅಗತ್ಯ ಅರ್ಥವಾಗುತ್ತದೆ.

ಮುಚ್ಚುವುದನ್ನು ಕರಾವಳಿಯವರು ಬಲ್ಲರು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಆ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ನಿಲ್ಲುತ್ತವೆ. ವೇಷಭೂಷಣಗಳು ಪೆಟ್ಟಿಗೆ ಸೇರುತ್ತವೆ. ಮಲ್ಪೆಯ ಬಂದರಿನಲ್ಲಿ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸರ್ಕಾರದ ನಿಷೇಧದಂತೆ ಸಮುದ್ರಕ್ಕಿಳಿಯುವುದಿಲ್ಲ. ಮೀನಿನ ಸಂತಾನಕ್ಕಾಗಿ ಮಾಡಿದ ಈ ನಿಯಮವನ್ನು ಮೀನುಗಾರರು ಬರಿಯ ರಜೆಯೆಂದು ಕಳೆಯುವುದಿಲ್ಲ. ಬಲೆ ನೇಯುತ್ತಾರೆ, ಒಡಲಿಗೆ ಬಣ್ಣ ಬಳಿಯುತ್ತಾರೆ, ಎಂಜಿನ್ ಬಿಚ್ಚಿ ಜೋಡಿಸುತ್ತಾರೆ. ಆಗಸ್ಟಿನಲ್ಲಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜಿಸಿ ಹೊರಡುವಾಗ ದೋಣಿ ಸಿದ್ಧವಾಗಿರುತ್ತದೆ. ಅವರ ಲೆಕ್ಕದಲ್ಲಿ ಮುಚ್ಚಿದ ಎರಡು ತಿಂಗಳೂ ದುಡಿಮೆಯ ತಿಂಗಳೇ.

ಮಾವನವರ ನೋಟ್‌ಬುಕ್ಕು

ನನ್ನ ಮಾವನವರು ಪ್ರತಿವರ್ಷ ಪತ್ತನಾಜೆಯ ಹೊತ್ತಿಗೆ ಮನೆಯನ್ನು ಮುಚ್ಚುತ್ತಿದ್ದರು. ಮಳೆಗಾಲವನ್ನು ಮಗನ ಮನೆಯಲ್ಲಿ ಕಳೆದು ನವರಾತ್ರಿಗೆ ಮರಳುತ್ತಿದ್ದರು. ಮುಚ್ಚುವ ಕ್ರಮವನ್ನು ಶಾಲೆಯ ನೋಟ್‌ಬುಕ್ಕೊಂದರಲ್ಲಿ ಬರೆದಿಟ್ಟಿದ್ದರು. ಹೆಂಚು ತಿರುವಿ ಒಡೆದವನ್ನು ಬದಲಿಸುವುದು, ಮಣ್ಣಿನ ಗೋಡೆಗೆ ಇರಿಚಲು ಬಡಿಯದಂತೆ ಮಡಲಿನ ತಟ್ಟಿ ಕಟ್ಟುವುದು, ಬಾವಿಯ ಪಂಪನ್ನು ಮೇಲೆತ್ತುವುದು, ವಿದ್ಯುತ್ ಮೇನ್ ಆರಿಸುವುದು, ಅಡುಗೆ ಅನಿಲದ ರೆಗ್ಯುಲೇಟರ್ ಬಿಚ್ಚುವುದು, ಅಕ್ಕಿ, ಬೇಳೆಯ ಡಬ್ಬಿಗಳನ್ನು ಬರಿದುಮಾಡುವುದು, ಹಾಸಿಗೆಗಳನ್ನು ಅಟ್ಟಕ್ಕೇರಿಸುವುದು.

ದೋಣಿಗೆ ಪ್ರತ್ಯೇಕ ಪುಟವಿತ್ತು. ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು, ಮರದ ದಿಮ್ಮಿಗಳ ಮೇಲೆ ಬೋರಲು ಹಾಕಿ, ಎರಡು ತೆಂಗಿನ ಮರಗಳಿಗೆ ಎರಡು ಬೇರೆ ಬೇರೆ ಹಗ್ಗದಿಂದ ಕಟ್ಟಬೇಕು. ಮೋಟಾರನ್ನು ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯಬೇಕು. ಕಾರ್ಬುರೇಟರಿನಲ್ಲಿ ಒಂದು ಹನಿ ಇಂಧನ ಉಳಿಯದಂತೆ ಓಡಿಸಿ ನಿಲ್ಲಿಸಬೇಕು. ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟು, ಅಟ್ಟದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಇಂಧನದ ಮಾತು ಇಂದಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಏರಿದೆ; ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಅದು ನೀರಿನೊಡನೆ ಕೂಡಿ ತಳ ಸೇರುತ್ತದೆ. ಕಾರ್ಖಾನೆಯ ಪೆಟ್ರೋಲ್ ಜನರೇಟರಿಗೂ, ಮನೆಯ ಸ್ಕೂಟರಿಗೂ ಈ ಮಾತು ಅನ್ವಯಿಸುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲು ಹೀಗಿತ್ತು: ಕಿಟಕಿಯ ಕಟ್ಟೆಗಿಂತ ಕೆಳಗೆ ಬೆಲೆಬಾಳುವ ಯಾವುದನ್ನೂ ಇಡಬಾರದು. ಇದನ್ನೆಲ್ಲ ನಾನು ಹಿರಿಯರೊಬ್ಬರ ಗಡಿಬಿಡಿಯೆಂದು ಎಣಿಸಿದ್ದೆ.

2020ರ ವರ್ಷ

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರ ಘೋಷಣೆ ಬಂತು. ನಡುರಾತ್ರಿಯಿಂದ ದೇಶವೇ ಮುಚ್ಚಿತು. ಶಿವರಾತ್ರಿಯ ರಜೆಗೆ ಹೋಗಿ ಬಂದಾಗ ಹೇಗೆ ಬಿಟ್ಟಿದ್ದೆವೋ ಹಾಗೆಯೇ ಕಲ್ಯಾಣಪುರದ ಮನೆ ಉಳಿಯಿತು. ಮೇ ತಿಂಗಳಲ್ಲಿ ಹೋಗಲಾಗಲಿಲ್ಲವೆಂಬುದು ನಿಜ. ಆದರೆ ಜೂನ್ ವೇಳೆಗೆ ರಾಜ್ಯದೊಳಗಿನ ಸಂಚಾರ ತೆರೆದಿತ್ತು. ಹೋಗಬಹುದಿತ್ತು. ಕಕ್ಷಿದಾರರ ಕೆಲಸವಿದೆ, ರಿಟರ್ನುಗಳ ಅವಧಿ ವಿಸ್ತರಣೆಯಾಗಿದೆ, ಮುಂದಿನ ವಾರ ನೋಡೋಣ ಎನ್ನುತ್ತ ಆಗಸ್ಟ್ ಕಳೆಯಿತು. ನೆರೆಮನೆಯವರೊಬ್ಬರು ಉಪಕಾರಕ್ಕೆಂದು ದೋಣಿಯನ್ನು ಅಂಗಳಕ್ಕೆಳೆದು ಹಾಕಿದ್ದರು. ಮೋಟಾರು ಕೊಟ್ಟಿಗೆಯ ನೆಲದ ಮೇಲಿತ್ತು.

ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ದಶಕಗಳಲ್ಲಿ ಕಾಣದ ಮಳೆ ಸುರಿಯಿತು. ಮಳೆಗಾಲ ಮುಗಿಯುತ್ತ ಬಂತೆಂದು ಎಲ್ಲರೂ ನಿರಾಳರಾಗಿದ್ದ ಹೊತ್ತು. ಸ್ವರ್ಣಾ ಉಕ್ಕಿ ತೀರದ ಮನೆಗಳಿಗೆ ನುಗ್ಗಿದಳು. ಸಾವಿರಾರು ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಬೇಕಾಯಿತು. ನಮ್ಮ ಮನೆಯೊಳಗೆ ಮೊಣಕಾಲಿನ ಮೇಲೆ ನೀರು ನಿಂತಿತ್ತು. ದೋಣಿ ತೇಲಿಹೋಗಿ ಅರ್ಧ ಮೈಲಿ ದೂರದ ತೋಟವೊಂದರಲ್ಲಿ ಹಲಗೆ ಬಿರಿದು ಸಿಕ್ಕಿತು. ಮೋಟಾರು ಕೆಸರಿನಲ್ಲಿ ಮುಳುಗಿತ್ತು. ಪಂಪು, ವೈರಿಂಗು, ಮಂಚಗಳು, ಅಡುಗೆಮನೆಯ ಸಾಮಾನುಗಳು ಹಾಳಾದವು. ಮಾವನವರ ನೋಟ್‌ಬುಕ್ಕು ಕಪಾಟಿನ ಕೆಳಗಿನ ಅರೆಯಲ್ಲಿತ್ತು. ಕಿಟಕಿಯ ಕಟ್ಟೆಗಿಂತ ಕೆಳಗೆ.

ನಷ್ಟದ ಪಟ್ಟಿ ಮಾಡಿದೆ. ಮೋಟಾರಿಗೆ 62,000 ರೂಪಾಯಿ, ದೋಣಿಯ ದುರಸ್ತಿಗೆ 41,000, ಮನೆಗೆ ಸಂಬಂಧಿಸಿದುದು 1,48,000. ಒಟ್ಟು 2,51,000 ರೂಪಾಯಿ. ಮನೆಗೆ ಅಗ್ನಿ ಮತ್ತು ವಿಶೇಷ ಅಪಾಯಗಳ ವಿಮೆ ಇತ್ತು. ಪ್ರವಾಹವೂ ಅದರಲ್ಲಿ ಸೇರಿತ್ತು. ಮನೆಯ ಭಾಗಕ್ಕಾದರೂ ಪರಿಹಾರ ಬಂದೀತೆಂದು ಧೈರ್ಯದಿಂದಲೇ ಅರ್ಜಿ ಹಾಕಿದೆ. ಎರಡು ತಿಂಗಳ ಬಳಿಕ ವಿಮಾ ಕಂಪನಿಯಿಂದ ಒಂದು ಪುಟದ ಪತ್ರ ಬಂತು. ಅಂದಿನ ಆ ಪ್ರಮಾಣಿತ ಪಾಲಿಸಿಯ ಸಾಮಾನ್ಯ ಷರತ್ತುಗಳಲ್ಲಿ ಒಂದು ಹೀಗಿತ್ತು: ವಿಮೆ ಮಾಡಿದ ಕಟ್ಟಡವು 30 ದಿನಗಳಿಗಿಂತ ಹೆಚ್ಚು ಕಾಲ ವಾಸವಿಲ್ಲದೆ ಉಳಿದರೆ, ನಷ್ಟ ಸಂಭವಿಸುವ ಮೊದಲೇ ಕಂಪನಿಯ ಒಪ್ಪಿಗೆಯನ್ನು ಪಾಲಿಸಿಯ ಮೇಲೆ ಬರೆಸಿಕೊಂಡಿರದಿದ್ದಲ್ಲಿ, ವಿಮೆಯ ರಕ್ಷಣೆ ನಿಲ್ಲುತ್ತದೆ. ನಾನು ಲಾಕ್‌ಡೌನಿನ ಕಾರಣ ಮುಂದಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಪತ್ರ ಬರೆಯಲು ತಮಗೆ ಅಡ್ಡಿಯೇನಿತ್ತು ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪಾಲಿಸಿಯ ಷರತ್ತುಗಳನ್ನು ಓದಿರೆಂದು ಕಕ್ಷಿದಾರರಿಗೆ ವರ್ಷವರ್ಷವೂ ಬೋಧಿಸುವವನು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಆ ದಿನ ನನ್ನ ಮನೆಯವರು ನೆನಪಿಸಿದರು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ನೋಟ್‌ಬುಕ್ಕಿನ ಕ್ರಮವನ್ನು ಪಾಲಿಸಿದ್ದರೂ ನೀರು ಮನೆಯೊಳಗೆ ಬರುತ್ತಿತ್ತು. ನದಿಗೆ ನೋಟ್‌ಬುಕ್ಕು ಅಡ್ಡಿಯಾಗದು. ಆದರೆ ಮೋಟಾರು ಅಟ್ಟದ ಮೇಲಿರುತ್ತಿತ್ತು, ದೋಣಿ ಮರಕ್ಕೆ ಬಿಗಿದಿರುತ್ತಿತ್ತು, ಪಂಪು ಮೇಲಿರುತ್ತಿತ್ತು. ನಷ್ಟವು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. ಉಳಿದುದರ ಬಹುಭಾಗಕ್ಕೆ ವಿಮೆ ಸಿಗುತ್ತಿತ್ತು. ಮನೆ ಮುಚ್ಚಲು ತಗಲುವ ವಾರ್ಷಿಕ ವೆಚ್ಚವಾದರೂ ಎಷ್ಟು? ಹೆಂಚು ಮತ್ತು ತಟ್ಟಿಗೆ 4,500, ದೋಣಿಗೆ 2,500, ಮೋಟಾರಿಗೆ 2,000. ಒಟ್ಟು 9,000 ರೂಪಾಯಿ. ಒಂದೇ ವರ್ಷ ಉಳಿಸಿದ ಈ ಒಂಬತ್ತು ಸಾವಿರಕ್ಕಾಗಿ ಸುಮಾರು ಇಪ್ಪತ್ತೆಂಟು ವರ್ಷಗಳ ಮುಚ್ಚುವ ಖರ್ಚನ್ನು ಕಳೆದುಕೊಂಡೆ.

ಕಾರ್ಖಾನೆಗೆ ಇದರಿಂದ ಪಾಠವೇನು?

ರಜೆಯ ಮನೆಯ ಕಥೆ ವರ್ತಕರ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಕಾರಣ ಇಷ್ಟೆ: ನಮ್ಮ ಗೋದಾಮು, ಘಟಕಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ, ಮತ್ತು ಅಲ್ಲಿ ಪಣಕ್ಕಿರುವುದು ಮಂಚ, ಪಾತ್ರೆಗಳಿಗಿಂತ ದೊಡ್ಡದು.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರೀನ್ ಅನಿಲ ಸೋರಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಾಕ್‌ಡೌನಿನಿಂದ ಸುಮಾರು ಆರು ವಾರ ನಿಂತಿದ್ದ ಘಟಕ ಅದು. ಸಂಗ್ರಹ ತೊಟ್ಟಿಯ ದ್ರವ ಒಳಗೊಳಗೇ ಬಿಸಿಯೇರುತ್ತ ಹೋಯಿತು; ಉತ್ಪಾದನೆ ನಿಂತಿದ್ದರೂ ರಾಸಾಯನಿಕದ ಕ್ರಿಯೆ ನಿಂತಿರಲಿಲ್ಲ. ಎರಡೇ ದಿನಗಳಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು, ಲಾಕ್‌ಡೌನ್ ನಂತರ ತೆರೆಯುವ ಘಟಕಗಳು ಮೊದಲ ವಾರವನ್ನು ಪರೀಕ್ಷಾ ಅವಧಿಯೆಂದು ಭಾವಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ನಮ್ಮ ಬಡಾವಣೆಗಳಲ್ಲಿ ಅಂಥ ತೊಟ್ಟಿಗಳಿಲ್ಲದಿರಬಹುದು. ಆದರೆ ಥಿನ್ನರ್ ಡ್ರಮ್ಮು, ಆಮ್ಲದ ತೊಟ್ಟಿ, ಅನಿಲದ ಸಿಲಿಂಡರು, ಬ್ಯಾಟರಿಗಳು ಇಲ್ಲದ ಘಟಕ ಯಾವುದು?

ಲೆಕ್ಕದ ದೃಷ್ಟಿಯಿಂದಲೂ ನೋಡೋಣ. ಯಂತ್ರ ನಿಂತರೂ ಸವಕಳಿ ನಿಲ್ಲುವುದಿಲ್ಲ. ಸಮಕಂತಿನ ಪದ್ಧತಿಯಲ್ಲಿ ಸವಕಳಿ ಹಾಕುವ ಆಸ್ತಿ ಕೆಲಸವಿಲ್ಲದೆ ಕುಳಿತರೂ ಅದನ್ನು ಮುಂದುವರಿಸಬೇಕೆಂದೇ ಲೆಕ್ಕಮಾನಕ ಹೇಳುತ್ತದೆ. ಷಟರ್ ಮುಚ್ಚಿದರೂ ಬೆಸ್ಕಾಂನ ನಿಗದಿತ ಶುಲ್ಕ, ಕಟ್ಟಡದ ಬಾಡಿಗೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ವ್ಯಾಪಾರ ಶೂನ್ಯವಾದರೂ ಜಿಎಸ್‌ಟಿ ರಿಟರ್ನ್ ಸಲ್ಲಿಸಲೇಬೇಕು. ಶೂನ್ಯ ರಿಟರ್ನ್ ತಡವಾದರೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ, ಮಾಸಿಕ ರಿಟರ್ನ್ ಸತತ ಆರು ತಿಂಗಳು ಸಲ್ಲಿಸದಿದ್ದರೆ ನೋಂದಣಿಯೇ ರದ್ದಾಗಬಹುದು. ಇನ್ನು ಮುಂದಿನ ವರ್ಷದ ದುರಸ್ತಿಗೆಂದು ಈಗಲೇ ಪುಸ್ತಕದಲ್ಲಿ ಪ್ರಾವಿಷನ್ ತೆಗೆದಿಡಲು ಲೆಕ್ಕಮಾನಕ ಒಪ್ಪದು. ಪುಸ್ತಕ ಒಪ್ಪದಿದ್ದರೂ ಗಲ್ಲಾಪೆಟ್ಟಿಗೆ ಒಪ್ಪುತ್ತದೆ. ಮುಚ್ಚುವ ಖರ್ಚಿಗೆಂದು ನಗದನ್ನು ಬೇರೆಯಾಗಿ ಎತ್ತಿಡಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ವಿಮೆಯ ಮಾತು ಎಲ್ಲಕ್ಕಿಂತ ಮುಖ್ಯ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, 5ರಿಂದ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪ್ರಮಾಣಿತ ಪಾಲಿಸಿಗಳು ಬಂದಿವೆ. ಹಳೆಯದಕ್ಕಿಂತ ಇವುಗಳ ಭಾಷೆ ಸರಳ. ಆದರೂ ತಮ್ಮ ಸ್ವಂತ ಪಾಲಿಸಿಯಲ್ಲಿ ಆವರಣವು ಖಾಲಿಯಿರುವ ಅವಧಿಯ ಬಗ್ಗೆ ಏನು ಬರೆದಿದೆಯೆಂದು ಪ್ರತಿಯೊಬ್ಬರೂ ಇಂದೇ ಓದಬೇಕೆಂದು ಕೋರುತ್ತೇನೆ. ಕಳ್ಳತನದ ವಿಮೆ ಬೇರೆಯಿದ್ದರೆ ಅದನ್ನೂ ಓದಬೇಕು. ಅರ್ಥವಾಗದಿದ್ದರೆ ಏಜೆಂಟರನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಬೇಕು.

ಒಂದು ಆಕ್ಷೇಪಣೆ

ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ನಾಲ್ಕು ಜನ ಕೆಲಸಗಾರರ ಘಟಕಕ್ಕೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೆಲವು ಸ್ನೇಹಿತರು ಹೇಳಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆ. ಬೇಡಿಕೆಯಿಲ್ಲದೆ ಮುಚ್ಚುವ ಮಾಲೀಕರ ಕೈಯಲ್ಲಿ ಆ ಹೊತ್ತಿಗೆ ಹಣವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಕೊನೆಯ ದಿನದ ಕೂಲಿ ಕೊಟ್ಟು ಬಾಗಿಲೆಳೆದರೆ ಸಾಕೆನಿಸುತ್ತದೆ. ಆದುದರಿಂದಲೇ ಮುಚ್ಚುವ ಪಟ್ಟಿಯನ್ನು ವ್ಯಾಪಾರ ಚೆನ್ನಾಗಿರುವಾಗ ಬರೆದಿಡಬೇಕು. 2020ರಲ್ಲಿ ನಮಗೆ ಸಿಕ್ಕಿದ್ದು ನಾಲ್ಕು ಗಂಟೆಗಳ ಅವಕಾಶ. ಅಂಥ ದಿನ ಯೋಚಿಸಿ ಬರೆಯಲು ಸಮಯವಿರದು; ಬರೆದಿಟ್ಟದ್ದನ್ನು ನೋಡಿ ಮಾಡಲು ಸಮಯವಿರುತ್ತದೆ. ಜೊತೆಗೆ, ದೊಡ್ಡ ಕಂಪನಿಗೆ ಎರಡೂವರೆ ಲಕ್ಷದ ನಷ್ಟ ಒಂದು ಸಾಲಿನ ಟಿಪ್ಪಣಿ. ಸಣ್ಣವರಿಗೆ ಅದು ಮತ್ತೆ ತೆರೆಯುವುದೋ ಬೇಡವೋ ಎಂಬ ಪ್ರಶ್ನೆ.

ನನ್ನ ಸಲಹೆಗಳು

ಮೊದಲನೆಯದಾಗಿ, ಪ್ರತಿ ಘಟಕವೂ ಒಂದು ಪುಟದ ಮುಚ್ಚುವ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಲಿ. ವಿದ್ಯುತ್, ನೀರು, ಇಂಧನ, ರಾಸಾಯನಿಕ, ಯಂತ್ರಕ್ಕೆ ಎಣ್ಣೆ, ನೆಲಮಟ್ಟದ ದಾಸ್ತಾನು, ದಾಖಲೆಗಳು ಎಂಬ ಏಳು ಶೀರ್ಷಿಕೆಗಳು ಸಾಕು. ಅದನ್ನು ಬರೆಯುವವರು ಮಾಲೀಕರಲ್ಲ, ದಿನವೂ ಯಂತ್ರ ಮುಟ್ಟುವ ಹಿರಿಯ ಕೆಲಸಗಾರರಾಗಿರಲಿ.

ಎರಡನೆಯದಾಗಿ, ಮುಚ್ಚಿದ ದಿನ ದಾಸ್ತಾನು ಎಣಿಸಿ, ಛಾಯಾಚಿತ್ರ ತೆಗೆದು, ದಿನಾಂಕದೊಡನೆ ಇಬ್ಬರು ಸಹಿ ಮಾಡಲಿ. ನಷ್ಟವಾದಾಗ ಸರ್ವೇಯರು ಕೇಳುವ ಮೊದಲ ಕಾಗದ ಇದೇ.

ಮೂರನೆಯದಾಗಿ, ಮೂವತ್ತು ದಿನ ಮೀರುವ ಸಂಭವವಿದ್ದರೆ ಮುಚ್ಚುವ ದಿನವೇ ವಿಮಾ ಕಂಪನಿಗೆ ಪತ್ರ ಬರೆದು ಒಪ್ಪಿಗೆಯನ್ನು ಪಾಲಿಸಿಯ ಮೇಲೆ ಪಡೆಯಲಿ. ವಾರಕ್ಕೊಮ್ಮೆ ಬಾಗಿಲು ತೆರೆದು ನೋಡುವವರ ಹೆಸರು, ಭೇಟಿಯ ದಿನಾಂಕಗಳು ಒಂದು ಪುಸ್ತಕದಲ್ಲಿರಲಿ. ಅವರಿಗೆ ಉಪಕಾರದ ಮಾತು ಬೇಡ, ಸಂಭಾವನೆ ಕೊಡಬೇಕು. ಸಂಬಳವಿಲ್ಲದ ಕಾವಲನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇರುವುದಿಲ್ಲ.

ನಾಲ್ಕನೆಯದಾಗಿ, ತೆರೆಯುವ ಮೊದಲ ವಾರವನ್ನು ಉತ್ಪಾದನೆಯ ಲೆಕ್ಕಕ್ಕೆ ಹಿಡಿಯದೆ ಪರೀಕ್ಷೆಗೆಂದು ಬಿಡಲಿ.

ಕೊನೆಯದು ನಮ್ಮ ವಾಣಿಜ್ಯ ಮಂಡಲಿಗೆ ಸಂಬಂಧಿಸಿದ್ದು. ಇಂಥ ಪಟ್ಟಿಯ ಮಾದರಿಯೊಂದನ್ನು ಮಂಡಲಿ ಮುದ್ರಿಸಿ ಸದಸ್ಯರಿಗೆ ಹಂಚಬೇಕು. ಆವರಣ ಖಾಲಿಯಿರುವ ಅವಧಿಯ ಷರತ್ತನ್ನು ಪಾಲಿಸಿಯ ಮೊದಲ ಪುಟದಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಮುದ್ರಿಸುವಂತೆ ವಿಮಾ ಕಂಪನಿಗಳನ್ನೂ ವಿಮಾ ನಿಯಂತ್ರಣ ಪ್ರಾಧಿಕಾರವನ್ನೂ ಒತ್ತಾಯಿಸಬೇಕು. ಪ್ರೀಮಿಯಂ ಕೇಳುವ ಪತ್ರ ಕನ್ನಡದಲ್ಲಿ ಬರುವುದಾದರೆ ರಕ್ಷಣೆ ನಿಲ್ಲುವ ಷರತ್ತೂ ಕನ್ನಡದಲ್ಲಿ ಬರಬಹುದು.

2021ರಿಂದ ನಾವು ಮನೆಯನ್ನು ಪತ್ತನಾಜೆಯ ವಾರದಲ್ಲಿಯೇ ಮುಚ್ಚುತ್ತಿದ್ದೇವೆ. ನೀರಿನಲ್ಲಿ ನೆನೆದ ನೋಟ್‌ಬುಕ್ಕನ್ನು ಒಣಗಿಸಿ, ಓದಲು ಬಂದ ಪುಟಗಳನ್ನು ಹೊಸದೊಂದರಲ್ಲಿ ನನ್ನ ಮಗಳು ನಕಲು ಮಾಡಿದ್ದಾಳೆ. ಅಳಿಸಿಹೋದ ಸಾಲುಗಳನ್ನು ನೆರೆಯವರ ನೆನಪಿನಿಂದ ತುಂಬಿದ್ದೇವೆ. ಕೊನೆಗೆ ನಾನು ಸೇರಿಸಿದ್ದು ಒಂದೇ ಸಾಲು: ವಿಮಾ ಕಂಪನಿಗೆ ಪತ್ರ, ಸ್ವೀಕೃತಿಯೊಡನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನನ್ನ ಪಾಲಿಗೆ ನಿಜವಾಯಿತು. ಓದುಗರಾದ ತಮ್ಮ ಕೋಟೆ ಇನ್ನೂ ಭದ್ರವಾಗಿದೆ. ಬಾಗಿಲು ಹಾಕುವುದು ಹೇಗೆಂದು ಈಗಲೇ ಬರೆದಿಟ್ಟುಕೊಳ್ಳಿರಿ.